ಕೃಷ್ಣಮೂರ್ತಿ ಪುಸ್ತಕ ಮುಚ್ಚಿದ ಮೇಲೆ ಏನು ಮಾಡಬೇಕು?

ತತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಯವರನ್ನು ಓದುವಾಗ ಎಲ್ಲ ಅರ್ಥವಾದ ಹಾಗಿರುತ್ತದೆ. ಸಂಜೆ ಮಗ ಹೋಂವರ್ಕ್ ಮಾಡಿಲ್ಲ ಅಂತ ರೇಗುವಾಗ ಮಾತ್ರ ಒಂದು ಸಾಲೂ ನೆನಪಿಗೆ ಬರುವುದಿಲ್ಲ, ಅಲ್ವಾ? ಬರದಿದ್ದರೂ ಪರವಾಗಿಲ್ಲ. ಆ ಹೊತ್ತಿಗೆ ಬೇಕಾದದ್ದು ಅವರ ಸಾಲಲ್ಲ, ನಿಮ್ಮ ಸಿಟ್ಟು ನಿಮಗೆ ಕಾಣಬೇಕು, ಅಷ್ಟೇ.

ಮೊದಲು ಜಾಸ್ತಿ ಓದುವುದನ್ನು ಬಿಡಿ. ದಿನಕ್ಕೆ ಎರಡು ಪುಟ ಸಾಕು. ತಮ್ಮನ್ನು ಜಗದ್ಗುರು ಎಂದು ನಂಬಿ ಕಟ್ಟಿದ್ದ ದೊಡ್ಡ ಸಂಘವನ್ನು 1929ರಲ್ಲಿ ಹಾಲೆಂಡಿನ ಓಮೆನ್‌ನಲ್ಲಿ ತಾವೇ ವಿಸರ್ಜಿಸಿ, ಸತ್ಯಕ್ಕೆ ಸಿದ್ಧ ದಾರಿ ಇಲ್ಲ ಎಂದವರು ಅವರು. ಅಂಥವರ ಮಾತನ್ನು ಬಾಯಿಪಾಠ ಮಾಡಿ ಏನು ಪ್ರಯೋಜನ? ಓದಿದ್ದು ನಿಮ್ಮ ವಿಷಯದಲ್ಲಿ ನಿಜವೋ ಅಲ್ಲವೋ, ಅವತ್ತೇ ನೋಡಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಓಹಾಯ್‌ನಲ್ಲಿ ಮಾತನಾಡುವಾಗ, ಮನಸ್ಸಿನಲ್ಲಿ ಎದ್ದದ್ದನ್ನು ಬರೆದು ನೋಡಿ ಎಂದು ಅವರೇ ಹೇಳಿದ್ದರು. ರಾತ್ರಿ ಐದು ನಿಮಿಷ, ಎಲ್ಲಿ ರೇಗಿದೆ, ಎಲ್ಲಿ ಹೊಟ್ಟೆಕಿಚ್ಚು ಪಟ್ಟೆ, ಯಾರ ಮುಂದೆ ಸುಮ್ನೆ ನಕ್ಕೆ ಅಂತ ಬರೆಯಿರಿ. ಸರಿ ತಪ್ಪು ಹಾಕಬೇಡಿ, ಸಮಜಾಯಿಷಿಯೂ ಬೇಡ.

ನನಗೆ ಮೊದಮೊದಲು ಸಿಟ್ಟು ಕಾಣುತ್ತಿದ್ದದ್ದು ರಾತ್ರಿ ಬರೆಯುವಾಗಲೇ. ಕೆಲವು ವಾರಗಳಾದ ಮೇಲೆ ಜಗಳ ಮುಗಿದು ನೀರು ಕುಡಿಯುವಷ್ಟರಲ್ಲಿ ಕಾಣತೊಡಗಿತು. ಆಮೇಲೆ ಒಂದು ದಿನ ಮಾತಿನ ನಡುವೆಯೇ, ದನಿ ಏರುತ್ತಿರುವುದು, ಹಲ್ಲು ಕಚ್ಚಿರುವುದು, ಮುಂದೆ ಯಾವ ಮಾತು ಬಾಯಿಗೆ ಬರಲಿದೆ ಎನ್ನುವುದು ಕೂಡ ಗೊತ್ತಾಯಿತು. ಆ ಮಾತು ಆಡಲಿಲ್ಲ. ತಡೆದುಕೊಂಡೆ ಅಂತಲ್ಲ, ಅದನ್ನು ಆಡುವ ಅಗತ್ಯವೇ ಉಳಿದಿರಲಿಲ್ಲ.

ಇಲ್ಲೊಂದು ಕಡೆ ತುಂಬಾ ಜನ ಎಡವುತ್ತಾರೆ. ‘ಇಷ್ಟು ಓದಿಯೂ ಹೀಗೆ ಆಡಿದೆನಲ್ಲ’ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದೂ ಸಿಟ್ಟೇ. ಬೈಯುವವನು ಬೇರೆ, ಸಿಟ್ಟು ಬೇರೆ ಎಂದು ನಮಗೆ ಅನಿಸುತ್ತದೆ, ಎರಡೂ ಒಂದೇ ಎಂದು ಕೃಷ್ಣಮೂರ್ತಿ ಕೊನೆಯವರೆಗೂ ಹೇಳುತ್ತಲೇ ಇದ್ದರು. ಇದನ್ನು ನಂಬಬೇಡಿ. ಮುಂದಿನ ಸಲ ಬೈದುಕೊಳ್ಳುವಾಗ ಆ ದನಿಯನ್ನೇ ಸ್ವಲ್ಪ ಕೇಳಿಸಿಕೊಳ್ಳಿ.

ಇನ್ನೊಂದು, ಮನೆಯವರಿಗೆ ಪಾಠ ಮಾಡಬೇಡಿ. ‘ನೀನು ಗಮನ ಇಟ್ಟು ನೋಡ್ತಿಲ್ಲ’ ಅಂತ ಹೆಂಡತಿಗೋ ಗಂಡನಿಗೋ ಹೇಳಿದ ದಿನ ನಿಮ್ಮ ಗಮನ ನಿಮ್ಮ ಮೇಲಿಲ್ಲ ಎಂದೇ ಅರ್ಥ.

ಒಬ್ಬರನ್ನು ನೋಡುವಾಗ ನಾವು ಅವರ ಬಗ್ಗೆ ಕಟ್ಟಿಕೊಂಡ ಹಳೆಯ ಚಿತ್ರವನ್ನೇ ನೋಡುತ್ತೇವೆ ಎಂಬ ಮಾತು ಅವರಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ಪರೀಕ್ಷಿಸಲು ಫೋನ್ ಸಾಕು. ಅಕ್ಕನ ಹೆಸರು ಸ್ಕ್ರೀನ್ ಮೇಲೆ ಬಂದ ಕೂಡಲೇ ‘ಮತ್ತೆ ಏನೋ ದೂರು’ ಅಂತ ನನ್ನೊಳಗೆ ಉತ್ತರ ತಯಾರಾಗಿ ಕೂತಿರುತ್ತಿತ್ತು. ಒಮ್ಮೆ ಆ ಉತ್ತರ ತಯಾರಾಗುವುದು ಕಣ್ಣಿಗೆ ಬಿತ್ತು, ಸುಮ್ಮನೆ ಕೇಳಿದೆ. ಅವಳು ಆರು ತಿಂಗಳಿಂದ ಮಂಡಿನೋವಿನ ವಿಷಯ ಹೇಳುತ್ತಿದ್ದಳಂತೆ, ನಾನು ಕೇಳಿಸಿಕೊಂಡದ್ದು ಅವತ್ತೇ ಮೊದಲು.