ಮೊಣಕಾಲುದ್ದ ಕೆಳಗೆ ಬೇರೆಯೇ ಮಣ್ಣು: ದಿಣ್ಣೆ ಹೊಲವನ್ನು ಅಗೆದು ನೋಡುವುದು ಹೇಗೆ?

ಹೊಲ ಕೊಳ್ಳಲು ಹೋದವರನ್ನು ನೋಡಿ. ಬದುವಿನ ಮೇಲೆ ನಿಂತು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಬೆರಳಲ್ಲಿ ಉಜ್ಜಿ, ‘ಒಳ್ಳೇ ಕೆಂಪು ಮಣ್ಣು’ ಅಂತಾರೆ. ಅಲ್ಲಿಗೆ ಪರೀಕ್ಷೆ ಮುಗೀತು. ಆದರೆ ಆ ಹಿಡಿಯಲ್ಲಿ ಇರುವುದು ಮೇಲಿನ ಒಂದು ಗೇಣಿನ ಮಣ್ಣು. ಬೇರು ಹೋಗಿ ಮುಟ್ಟುವುದು, ಮಳೆ ನೀರು ಇಳಿದು ನಿಲ್ಲುವುದು ಅದರ ಕೆಳಗಿನ ಮಣ್ಣಿನಲ್ಲಿ. ಅದು ಹೇಗಿದೆ ಎಂದು ತಿಳಿಯಬೇಕಾದರೆ ಗುಂಡಿ ತೆಗೆಯಲೇಬೇಕು.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಇಳಿಜಾರಾಗಿದ್ದ ಒಂದು ಹೊಲವನ್ನು ಯಂತ್ರ ತರಿಸಿ ಮಟ್ಟ ಮಾಡಿಸಿದೆ. ಮೇಲ್ತುದಿಯ ಮಣ್ಣು ಕೆಳತುದಿಗೆ ಬಂತು. ನೋಡಲು ಕ್ರಿಕೆಟ್ ಮೈದಾನದ ಹಾಗೆ ಚೆಂದ. ಆ ವರ್ಷ ಕೆಳಗಿನ ಅರ್ಧದಲ್ಲಿ ರಾಗಿ ಸೊಂಟದುದ್ದ ಬಂತು. ಮೇಲಿನ ಅರ್ಧದಲ್ಲಿ ಗೇಣುದ್ದಕ್ಕೆ ನಿಂತು ಹಳದಿಯಾಯಿತು. ಬೀಜ ಒಂದೇ, ಗೊಬ್ಬರ ಒಂದೇ, ಮಳೆಯೂ ಒಂದೇ. ಮೇಲ್ಮಣ್ಣನ್ನೆಲ್ಲ ಕೆರೆಸಿ, ಒಳಗಿದ್ದ ಜೇಡಿಯಲ್ಲಿ ಬಿತ್ತಿದ್ದೆ, ಅಷ್ಟೇ.

ಬಂಡೆಯೇ ಮಣ್ಣಾದದ್ದು

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ತುಮಕೂರು ಕಡೆಯ ದಿಣ್ಣೆ ಹೊಲಗಳ ಕೆಂಪು ಮಣ್ಣು ಬಹುಪಾಲು ಹೊಳೆ ತಂದು ಹಾಕಿದ್ದಲ್ಲ. ಕೆಳಗಿರುವ ಬಂಡೆಯೇ ನಿಂತಲ್ಲೇ ಸವೆದು, ಪುಡಿಯಾಗಿ ಆದದ್ದು. ಆ ಬಂಡೆಯ ಹೆಸರು ನೀಸ್. ಬೂದು, ಬಿಳಿ ಪಟ್ಟೆ ಪಟ್ಟೆಯಾಗಿರುತ್ತದೆ. ನೋಡಬೇಕಾದರೆ ಬೆಂಗಳೂರಿನ ಲಾಲ್‌ಬಾಗ್ ಬಂಡೆ ಹತ್ತಿ. ಕೆಂಪೇಗೌಡರ ಗೋಪುರ ನಿಂತಿರುವುದು ಅದರ ಮೇಲೆಯೇ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ.

ಈ ಬಂಡೆಯಲ್ಲಿ ಮುಖ್ಯವಾಗಿ ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಕಪ್ಪು ಕಾಗೆಬಂಗಾರ ಎಂಬ ಖನಿಜಗಳು ಇರುತ್ತವೆ. ಮಳೆ ನೀರಿಗೆ ಗಾಳಿಯ ಮತ್ತು ಬೇರಿನ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಬಿರುಕಿಗೆ ಇಳಿದಾಗ ಮೊದಲು ಸೋಲುವುದು ಕಾಗೆಬಂಗಾರ, ಫೆಲ್ಡ್‌ಸ್ಪಾರ್. ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ. ಕಾಗೆಬಂಗಾರದ ಕಬ್ಬಿಣ ತುಕ್ಕು ಹಿಡಿಯುತ್ತದೆ. ಹೊಲದ ಕೆಂಪು ಎಂದರೆ ಆ ತುಕ್ಕೇ. ಬೆಣಚು ಮಾತ್ರ ಜಗ್ಗುವುದಿಲ್ಲ, ಮರಳಾಗಿ ಉಳಿಯುತ್ತದೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ಪ್ರತಿ ಮಳೆಗೂ ಮೇಲಿನ ನುಣುಪು ಜೇಡಿ ನೀರಿನ ಜೊತೆ ಒಳಕ್ಕೆ ಜಾರುತ್ತದೆ. ಒಂದೆರಡು ಅಡಿ ಇಳಿದು ಅಲ್ಲೇ ಕೂರುತ್ತದೆ. ಸಾವಿರಾರು ವರ್ಷ ಹೀಗೇ ನಡೆದರೆ ಮೇಲೆ ಮರಳು ಜಾಸ್ತಿ, ಕೆಳಗೆ ಜೇಡಿ ಜಾಸ್ತಿ. ಆ ಜೇಡಿ ಎಷ್ಟು ಆಳದಲ್ಲಿ ಶುರುವಾಗುತ್ತದೆ, ಕಲ್ಲು ಎಷ್ಟು ಆಳದಲ್ಲಿದೆ? ಗುಂಡಿಯಿಂದ ನಮಗೆ ಬೇಕಾದದ್ದು ಈ ಎರಡು ಉತ್ತರ.

ಹೆಜ್ಜೆ 1: ಜಾಗ ಮತ್ತು ದಿನ

ತಿಪ್ಪೆಯ ಪಕ್ಕ, ಮರದ ಬುಡ, ಗಾಡಿ ದಾರಿ, ಬದುವಿನ ಅಂಚು ಬೇಡ. ಹೊಲ ಇಳಿಜಾರಾಗಿದ್ದರೆ ಒಂದೇ ಗುಂಡಿ ಸಾಲದು. ನೆತ್ತಿಯಲ್ಲಿ ಒಂದು, ಕೆಳಗೆ ಒಂದು ಬೇಕೇ ಬೇಕು. ಮಳೆ ಬಿಟ್ಟು ನಾಲ್ಕೈದು ದಿನಕ್ಕೆ, ಉಳುಮೆಗೆ ಹದ ಬಂದಾಗ ಅಗೆಯಿರಿ. ಬೇಸಿಗೆಯಲ್ಲಿ ಈ ಜೇಡಿ ಇಟ್ಟಿಗೆಯಂತಾಗಿರುತ್ತದೆ. ಹಾರೆ ಹಾಕಿದರೆ ಠಣ್ ಎಂದು ವಾಪಸ್ ಬರುತ್ತದೆ. ಕೂಲಿಯೂ ಎರಡು ಪಟ್ಟು.

ಹೆಜ್ಜೆ 2: ಅಗೆಯುವುದು

6 ಅಡಿ ಉದ್ದ, 3 ಅಡಿ ಅಗಲ, 5 ಅಡಿ ಆಳ. ಒಂದು ತುದಿಯಲ್ಲಿ ಇಳಿಯಲು ಮೆಟ್ಟಿಲು ಬಿಡಿ. ಎದುರಿನ ಗೋಡೆ ನೀವು ನೋಡುವ ಗೋಡೆ. ಅದರ ಮೇಲೆ ಬಿಸಿಲು ಬೀಳುವಂತಿರಲಿ. ಅದರ ತಲೆಯ ಮೇಲೆ ಯಾರೂ ತುಳಿಯಬಾರದು, ಮಣ್ಣು ಸುರಿಯಬಾರದು.

ಮೇಲ್ಮಣ್ಣನ್ನು ಒಂದು ಕಡೆ, ಒಳಮಣ್ಣನ್ನು ಇನ್ನೊಂದು ಕಡೆ ಗುಡ್ಡೆ ಹಾಕಿ. ಇದನ್ನು ಮರೆತರೆ ಆಮೇಲೆ ತೊಂದರೆ. ಗುಡ್ಡೆಗಳು ಅಂಚಿನಿಂದ ಎರಡಡಿ ದೂರ ಇರಲಿ. ಒಬ್ಬರೇ ಇಳಿಯಬೇಡಿ. ಗೋಡೆ ಉದುರುತ್ತಿದ್ದರೆ ಇಳಿಯಲೇಬೇಡಿ. ರಾತ್ರಿ ತೆರೆದು ಬಿಟ್ಟಿದ್ದರೆ ಬೆಳಿಗ್ಗೆ ಹಾವು ಇದೆಯೇ ನೋಡಿ ಕಾಲಿಡಿ. ದನ, ಮಕ್ಕಳು ಬೀಳದಂತೆ ಸುತ್ತ ಮುಳ್ಳು ಹಾಕಿ.

ಸೋಮಾರಿಗಳಿಗೂ ಒಂದು ದಾರಿ ಇದೆ. ಪಕ್ಕದ ಹೊಲದವರು ಕೃಷಿ ಹೊಂಡ ತೆಗೆಸುತ್ತಿದ್ದರೆ, ಯಾರಾದರೂ ಮನೆಗೆ ಪಾಯ ತೆಗೆಯುತ್ತಿದ್ದರೆ, ರಸ್ತೆಗೆಂದು ದಿಣ್ಣೆ ಕಡಿದಿದ್ದರೆ ಅಲ್ಲಿ ಒಂದು ಅಡಿ ಅಗಲ ಗೋಡೆ ಕೆರೆದು ನೋಡಿ. ನಿಮ್ಮ ಹೊಲದ ಲೆಕ್ಕ ಪೂರ್ತಿ ಸಿಗದು, ಅಂದಾಜು ಸಿಗುತ್ತದೆ.

ಹೆಜ್ಜೆ 3: ಗೋಡೆ ನೋಡುವುದು

ಅವಸರ ಬೇಡ. ಸನಿಕೆಯ ಗುರುತು ಹೋಗುವಂತೆ ಚಾಕುವಿನ ತುದಿಯಿಂದ ಗೋಡೆಯನ್ನು ಮೇಲಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಕೀಳಿ. ಟೇಪು ಇಳಿಬಿಡಿ. ಒಂದು ಫೋಟೊ ತೆಗೆದುಕೊಳ್ಳಿ.

ಮೇಲಿನ 6 ಅಂಗುಲ ಸಾಮಾನ್ಯವಾಗಿ ಕಂದುಗೆಂಪು. ಮರಳು ಮರಳು, ಸಣ್ಣ ಬೇರು ತುಂಬಿರುತ್ತದೆ. ಅದರ ಕೆಳಗೆ ಹೋಗುತ್ತ ಒಂದು ಕಡೆ ಬಣ್ಣ ಕಡುಕೆಂಪಿಗೆ ತಿರುಗುತ್ತದೆ, ಚಾಕು ಬಿಗಿಯಾಗುತ್ತದೆ. ಅಲ್ಲೇ ಜೇಡಿ ಶುರು. ಅಲ್ಲಿಂದ ಒಂದು ಹೆಂಟೆ ಕಿತ್ತು, ಕೈಯಲ್ಲಿ ಮೆಲ್ಲಗೆ ಮುರಿಯಿರಿ. ಮುರಿದ ಮುಖವನ್ನು ಬಿಸಿಲಿಗೆ ಓರೆ ಹಿಡಿಯಿರಿ. ಎಣ್ಣೆ ಸವರಿದ ಹಾಗೆ ಸಣ್ಣ ಮಿರುಗು ಕಾಣಿಸುತ್ತದೆಯೇ? ನೀರಿನ ಜೊತೆ ಇಳಿದು ಬಂದ ಜೇಡಿ ಅಂಟಿಕೊಂಡದ್ದು ಅದು. ನನಗಂತೂ ಇದು ಗುಂಡಿಯ ಅತಿ ಚೆಂದದ ನೋಟ. ಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟರೆ ಅವರೇ ಹುಡುಕಿ ತೋರಿಸುತ್ತಾರೆ.

ಇನ್ನೂ ಕೆಳಗೆ ಗರಸು ಬರುತ್ತದೆ. ಅದರಡಿ ನೋಡಲು ಕಲ್ಲು, ಹಿಡಿದರೆ ಪುಡಿ. ಬಂಡೆಯ ಪಟ್ಟೆಗಳು ಹಾಗೇ ಉಳಿದಿರುತ್ತವೆ, ಗಟ್ಟಿತನ ಮಾತ್ರ ಹೋಗಿರುತ್ತದೆ. ಬಿಳಿ ಬೆಣಚಿನ ಗೆರೆಯೊಂದು ಈ ಪುಡಿಕಲ್ಲಿನಲ್ಲಿ ಮುರಿಯದೆ ಮೇಲಕ್ಕೆ ಹತ್ತಿ ಬಂದಿದ್ದರೆ, ಮಣ್ಣು ಅಲ್ಲೇ ಹುಟ್ಟಿದ್ದಕ್ಕೆ ಅದೇ ಸಾಕ್ಷಿ. ಕಲ್ಲಿನ ಚೂರುಗಳು ಚೂಪಾಗಿದ್ದರೂ ಅಷ್ಟೇ. ನುಣ್ಣಗೆ ದುಂಡಗಿದ್ದರೆ ಯಾವತ್ತೋ ನೀರು ಉರುಳಿಸಿ ತಂದದ್ದು.

ಕೆಳಗಿನ ಗುಂಡಿಯಲ್ಲಿ ಕೆಂಪು ಕಡಿಮೆಯಾಗಿ ಹಳದಿ, ಬೂದು ಮಚ್ಚೆಗಳು ಕಂಡರೆ ಅಲ್ಲಿ ನೀರು ನಿಲ್ಲುತ್ತದೆ ಎಂದರ್ಥ. ಗಾಳಿ ಸಿಗದ ಕಡೆ ಕಬ್ಬಿಣಕ್ಕೆ ಕೆಂಪು ಉಳಿಯುವುದಿಲ್ಲ. ಪಪ್ಪಾಯಿ, ದಾಳಿಂಬೆ ಅಲ್ಲಿ ಬೇಡ.

ಒಂದು ಮಾತು ಇಲ್ಲಿ. ಮಣ್ಣಿನ ಸರ್ವೆ ಮಾಡುವವರು ಒಂದೊಂದು ಬಗೆಯ ಮಣ್ಣಿಗೆ ಒಂದೊಂದು ಊರಿನ ಹೆಸರಿಡುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇರುವ ಜಿಕೆವಿಕೆ ಹೊಲಗಳ ಕೆಂಪು ಮಣ್ಣಿನ ಹೆಸರು ‘ವಿಜಯಪುರ’. ಕಪ್ಪು ಎರೆ ಹೊಲಗಳ ಬಿಜಾಪುರವಲ್ಲ, ನಮ್ಮ ದೇವನಹಳ್ಳಿ ಕಡೆಯ ವಿಜಯಪುರ. ಹೆಸರು ಕೇಳಿ ಗಲಿಬಿಲಿ ಆಗಬೇಡಿ.

ಹೆಜ್ಜೆ 4: ಬೆರಳಿನ ಪರೀಕ್ಷೆ

ಪ್ರತಿ ಪದರದಿಂದ ಒಂದು ನಿಂಬೆಹಣ್ಣಿನಷ್ಟು ಮಣ್ಣು ತೆಗೆಯಿರಿ. ಕಲ್ಲು, ಬೇರು ಆರಿಸಿ ಬಿಸಾಡಿ. ಹನಿ ಹನಿ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತ ಪಟ್ಟಿ ಎಳೆಯಿರಿ. 2.5 ಸೆಂಟಿಮೀಟರ್ ಆಗುವ ಮೊದಲೇ ಮುರಿದರೆ ಜೇಡಿ ಕಡಿಮೆ. 2.5ರಿಂದ 5 ಬಂದರೆ ಮಧ್ಯಮ. 5 ದಾಟಿದರೆ ಅದು ಜೇಡಿಮಣ್ಣೇ.

ಕೆಂಪು ಮಣ್ಣು ಇಲ್ಲಿ ಮೋಸ ಮಾಡುತ್ತದೆ. ಕಬ್ಬಿಣದ ತುಕ್ಕು ಜೇಡಿಯ ಕಣಗಳನ್ನು ಅಂಟಿಸಿ ಸಣ್ಣ ಸಣ್ಣ ಕಾಳು ಮಾಡಿರುತ್ತದೆ. ಅರ್ಧ ನಿಮಿಷ ನಾದಿ ಪಟ್ಟಿ ಎಳೆದರೆ ‘ಮರಳು ಮಣ್ಣು’ ಅನಿಸುತ್ತದೆ. ಇನ್ನೂ ಎರಡು ಮೂರು ನಿಮಿಷ ನಾದಿ. ಕಾಳು ಒಡೆದು, ಕೈಗೆ ಅಂಟಿ, ಪಟ್ಟಿ ಉದ್ದವಾಗುತ್ತ ಹೋಗುತ್ತದೆ. ಬೇಗ ಕೈಬಿಟ್ಟವರ ಉತ್ತರ ಯಾವಾಗಲೂ ತಪ್ಪು.

ನಾದಿದ ಮಣ್ಣಿನಲ್ಲಿ ಒಂದು ಉಂಡೆ ಕಟ್ಟಿ ಬಿಸಿಲಿಗಿಡಿ. ಪಕ್ಕದಲ್ಲಿ ಎರೆ ಮಣ್ಣಿನ ಉಂಡೆಯೂ ಇದ್ದರೆ ಇನ್ನೂ ಒಳ್ಳೆಯದು. ಎರೆ ಕುಗ್ಗಿ ಬಿರುಕು ಬಿಡುತ್ತದೆ, ಕೆಂಪು ಅಷ್ಟು ಬಿಡುವುದಿಲ್ಲ. ಎರೆಯ ಜೇಡಿಯ ಪದರಗಳ ನಡುವೆ ನೀರು ನುಗ್ಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಕೆಂಪು ಮಣ್ಣಿನಲ್ಲಿ ಹೆಚ್ಚಿರುವುದು ಕೇಯೊಲಿನೈಟ್ ಜೇಡಿ. ಅದರ ಪದರಗಳು ಬಿಗಿ, ನೀರಿಗೆ ಜಾಗವೇ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಮಾಡಿದರಲ್ಲ, ಅದಕ್ಕೆ ಕೆಂಪು ಮಣ್ಣು ಒಗ್ಗಿದ್ದು ಈ ಗುಣದಿಂದ.

ಹೊಲದಲ್ಲಿ ಈ ಗುಣಕ್ಕೆ ಇನ್ನೊಂದು ಮುಖ ಇದೆ. ಬಿಗಿ ಪದರದ ಜೇಡಿ ಗೊಬ್ಬರವನ್ನೂ ಜಾಸ್ತಿ ಹಿಡಿದಿಟ್ಟುಕೊಳ್ಳುವುದಿಲ್ಲ. ಯೂರಿಯಾ ಒಂದೇ ಸಲ ಎರಚಿದರೆ ದೊಡ್ಡ ಮಳೆಗೆ ಹೋಯಿತು ಅಂತಲೇ ಲೆಕ್ಕ. ಎರಡು ಮೂರು ಕಂತಿನಲ್ಲಿ ಕೊಡಿ. ರಂಜಕದ್ದು ಬೇರೆ ಕಥೆ. ಅದನ್ನು ಕಬ್ಬಿಣ ಹಿಡಿದು ಕೂರುತ್ತದೆ, ಬೆಳೆಗೆ ಬಿಡುವುದಿಲ್ಲ. ಅದಕ್ಕೇ ರಂಜಕ ಇರುವ ಡಿಎಪಿ ಗೊಬ್ಬರವನ್ನು ಎರಚಬೇಡಿ, ಬೀಜದ ಸಾಲಿನ ಪಕ್ಕ ಹಾಕಿ.

ಹೆಜ್ಜೆ 5: ಬಾಟಲಿ

ಬೆರಳಿನ ಮೇಲೆ ನಂಬಿಕೆ ಬಾರದವರಿಗೆ ಇದು. ಅಗಲ ಬಾಯಿಯ ಬಾಟಲಿಗೆ ಮೂರನೇ ಒಂದು ಭಾಗ ಪುಡಿ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಐದು ನಿಮಿಷ ಕುಲುಕಿ ಇಡಿ. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತದೆ. ಮರಳಿಗೂ ಜೇಡಿಗೂ ನಡುವಿನ ಗಾತ್ರದ ನುಸಿಮಣ್ಣು ಎರಡು ಗಂಟೆಯಲ್ಲಿ ಕೂರುತ್ತದೆ. ಜೇಡಿಗೆ ಒಂದು ದಿನ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಮೇಲ್ಮಣ್ಣು, ಒಳಮಣ್ಣಿನ ಎರಡು ಬಾಟಲಿ ಅಕ್ಕಪಕ್ಕ ಇಟ್ಟರೆ ಮಾತೇ ಬೇಡ.

ಹೆಜ್ಜೆ 6: ನೀರು ಎಷ್ಟು ಬೇಗ ಇಳಿಯುತ್ತದೆ?

ಗುಂಡಿಯ ಪಕ್ಕ, ಮೇಲ್ಮಣ್ಣಿನಲ್ಲಿ, ಜೇಡಿ ಮುಟ್ಟದಷ್ಟು ಆಳದ ಸಣ್ಣ ಕುಳಿ ಮಾಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. ಇನ್ನೊಂದು ಕುಳಿ ಜೇಡಿಯ ಪದರದಲ್ಲಿ. ಎರಡರ ನಡುವೆ ವ್ಯತ್ಯಾಸ ಜಾಸ್ತಿ ಇದ್ದರೆ, ಜೋರು ಮಳೆಯಲ್ಲಿ ನೀರು ಜೇಡಿಯ ಮೇಲೆ ತಡೆದು, ಪಕ್ಕಕ್ಕೆ ಹರಿದು, ಮೇಲ್ಮಣ್ಣನ್ನೂ ಕರೆದುಕೊಂಡು ಹೋಗುತ್ತದೆ. ಹೊಲದ ಮೇಲೆ ಮಳೆ ಬಿದ್ದು ಒಣಗಿದಾಗ ಹಪ್ಪಳದಂಥ ಪದರ ಕಟ್ಟುವುದನ್ನೂ ಗಮನಿಸಿ. ರಾಗಿಯ ಮೊಳಕೆ ಅದರಡಿ ಸಿಕ್ಕಿ ಒದ್ದಾಡುತ್ತದೆ.

ಹೆಜ್ಜೆ 7: ಈಗ ಲೆಕ್ಕ

ಗರಸು ಒಂದೂವರೆ ಅಡಿಗೇ ಸಿಕ್ಕಿತೇ? ರಾಗಿ, ಹುರುಳಿ ಸಾಕು. ತೆಂಗು, ಅಡಿಕೆಯ ಆಸೆ ಬಿಡಿ. ಮೂರು ನಾಲ್ಕು ಅಡಿ ಮಣ್ಣು ಇದ್ದು, ಕೆಳಗೆ ಪುಡಿಕಲ್ಲು ಇದ್ದರೆ ಮಾವು ಹಾಕಬಹುದು. ಅದರ ಬೇರು ಆ ಕಲ್ಲಿನ ಬಿರುಕಿನಲ್ಲೂ ದಾರಿ ಹುಡುಕುತ್ತದೆ. ಗಟ್ಟಿ ಚಪ್ಪಡಿ ಬಂದರೆ ಆಗುವುದಿಲ್ಲ.

ಜೇಡಿ 6 ಅಂಗುಲಕ್ಕೇ ಶುರುವಾಗಿದ್ದರೆ ನೆಲಗಡಲೆ ಬೇಡ. ಕಾಯಿ ಕೀಳುವಾಗ ಅರ್ಧ ನೆಲದಲ್ಲೇ ಉಳಿಯುತ್ತದೆ. ಅಂಥ ಹೊಲದಲ್ಲಿ ಟ್ರ್ಯಾಕ್ಟರ್ ನೇಗಿಲನ್ನು ಆಳಕ್ಕೆ ಬಿಟ್ಟು ಮಣ್ಣು ಮಗುಚಿ ಹಾಕಿಸಬೇಡಿ, ಒಳಮಣ್ಣು ಮೇಲೆ ಬರುತ್ತದೆ. ಮಟ್ಟ ಮಾಡಿಸಲೇಬೇಕು ಎಂದಿದ್ದರೆ ಮೊದಲು ಮೇಲ್ಮಣ್ಣು ಕೆರೆದು ಬದಿಗಿರಿಸಿ, ಒಳಮಣ್ಣು ಮಟ್ಟ ಮಾಡಿ, ಮೇಲ್ಮಣ್ಣನ್ನು ವಾಪಸ್ ಹರಡಿಸಿ. ಖರ್ಚು ಜಾಸ್ತಿ ಅನಿಸುತ್ತದೆ. ನನ್ನ ರಾಗಿಯ ಲೆಕ್ಕ ಹಾಕಿದರೆ ಕಡಿಮೆಯೇ.

ಕೃಷಿ ಹೊಂಡ ತೆಗೆಸುವವರು ಪುಡಿಕಲ್ಲಿನ ಪದರವನ್ನು ಮರೆಯಬಾರದು. ನೀರು ಅಲ್ಲಿ ಸೋರಿಹೋಗುತ್ತದೆ. ಕೆಂಪು ಮಣ್ಣಿನ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುವುದು ಇದಕ್ಕೇ.

ಇನ್ನು ಗೋಡು. ಕೆರೆಯ ಹೂಳನ್ನು ಗಾಡಿಗಟ್ಟಲೆ ತಂದು ದಿಣ್ಣೆ ಹೊಲಕ್ಕೆ ಹೊಡೆಯುತ್ತಿದ್ದ ಹಿರಿಯರನ್ನು ಕಂಡಿದ್ದೀರಲ್ವಾ? ಅದು ಯಾರ ಜೇಡಿ? ನಮ್ಮ ದಿಣ್ಣೆಯಿಂದಲೇ ಕೊಚ್ಚಿಹೋಗಿ ಕೆರೆ ಸೇರಿದ್ದು. ಮರಳು ಮರಳಾದ ಮೇಲ್ಮಣ್ಣಿಗೆ ಅದು ಒಳ್ಳೆಯ ಔಷಧಿ. ಆದರೆ ನಗರದ ಚರಂಡಿ ಸೇರುವ ಕೆರೆಯ ಹೂಳು ಬೇಡ. ನಿಮ್ಮ ಮೇಲ್ಮಣ್ಣೇ ಜಿಗುಟಾಗಿದ್ದರೆ ಗೋಡಿನ ಬದಲು ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು ಹಾಕಿ. ಹಪ್ಪಳ ಕಟ್ಟುವುದೂ ಇದರಿಂದ ಕಡಿಮೆಯಾಗುತ್ತದೆ.

ಗುಂಡಿ ಹೇಳದ ಸಂಗತಿಗಳಿಗೆ ಪ್ರಯೋಗಾಲಯ ಇದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಬರುತ್ತವೆ. ಅದರಲ್ಲಿ ಮೊದಲು ನೋಡಬೇಕಾದದ್ದು ಸಾವಯವ ಇಂಗಾಲ. 0.5 ಶೇಕಡಕ್ಕಿಂತ ಕಡಿಮೆ ಇದ್ದರೆ ಕೊರತೆ ಎಂದರ್ಥ. ದಿಣ್ಣೆಯ ಕೆಂಪು ಮಣ್ಣಿನಲ್ಲಿ ಬಹಳ ಸಲ ಹಾಗೇ ಇರುತ್ತದೆ. ಆಮೇಲೆ ಸತು, ಬೋರಾನ್. ಮಾದರಿ ಕೊಡುವುದು ಮೇಲಿನ 6 ಅಂಗುಲದ್ದು, ಹೊಲದ ಹತ್ತಾರು ಕಡೆಯಿಂದ ತೆಗೆದು ಬೆರೆಸಿದ್ದು. ಗುಂಡಿಯ ಗೋಡೆಯದ್ದಲ್ಲ.

ಹೆಜ್ಜೆ 8: ಮುಚ್ಚುವುದು

ಕಲ್ಲು, ಗರಸು ಮೊದಲು. ಆಮೇಲೆ ಜೇಡಿ, ಅರ್ಧ ಅಡಿಗೊಮ್ಮೆ ತುಳಿಯುತ್ತ. ಕೊನೆಗೆ ಮೇಲ್ಮಣ್ಣು, ಅದನ್ನು ತುಳಿಯಬೇಡಿ. ನೆಲದ ಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ಬಿಡಿ. ಎರಡು ಮಳೆ ಬಿದ್ದರೆ ತಾನಾಗಿ ಕುಸಿದು ಸಮ ಆಗುತ್ತದೆ.