ಈ ಸಾರು ಎಷ್ಟೊತ್ತಿಗೆ ಮಾಡಿದ್ದು?

ಹೋಟೆಲಿನವರು ಆಗಷ್ಟೇ ಮಾಡಿದ ಅಡುಗೆ ಬಡಿಸುತ್ತಾರೋ, ಮೊದಲೇ ಮಾಡಿಟ್ಟದ್ದನ್ನು ಬಿಸಿ ಮಾಡಿ ಕೊಡುತ್ತಾರೋ ಎಂದು ಕೇಳುವವರಿಗೆ ನಾನು ನೇರವಾಗಿ ಹೇಳಿಬಿಡುತ್ತೇನೆ. ಬಹುಪಾಲು ಮೊದಲೇ ಮಾಡಿಟ್ಟದ್ದು. ನನ್ನ ಹೋಟೆಲಿನಲ್ಲೂ ಅಷ್ಟೆ.

ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಹತ್ತಿರ, ಆರು ಟೇಬಲ್ಲಿನ ಹೋಟೆಲು ನಮ್ಮದು. ನಾನೂ ನಮ್ಮ ಯಜಮಾನರೂ ಹನ್ನೊಂದು ವರ್ಷದಿಂದ ನಡೆಸುತ್ತಿದ್ದೇವೆ. ಬೆಳಿಗ್ಗೆ ಇಡ್ಲಿ, ದೋಸೆ, ಚಿತ್ರಾನ್ನ. ಮಧ್ಯಾಹ್ನ ಮುದ್ದೆ ಊಟ. ಟೊಮೆಟೊ ಹರಾಜು ಮುಗಿಸಿದ ರೈತರು, ಬಾಕ್ಸು ಹೊತ್ತು ಬೆವೆತ ಹಮಾಲರು, ರಾತ್ರಿಯೊಳಗೆ ಎಷ್ಟೋ ದೂರ ಹೋಗಬೇಕಾದ ಲಾರಿ ಡ್ರೈವರುಗಳು ಎಲ್ಲರೂ ಒಂದೇ ಹೊತ್ತಿಗೆ ಬರುತ್ತಾರೆ. ಹನ್ನೆರಡೂವರೆಯಿಂದ ಎರಡರ ಒಳಗೆ ನೂರಕ್ಕೂ ಹೆಚ್ಚು ಊಟ ಹೋಗುತ್ತದೆ. ಕೂತವರ ಮುಂದೆ ಐದು ನಿಮಿಷದಲ್ಲಿ ತಟ್ಟೆ ಇರಬೇಕು. ಅವರು ಕೂತ ಮೇಲೆ ಬೇಳೆ ಬೇಯಿಸಲು ಇಟ್ಟರೆ ಲಾರಿ ಹೊರಡುವುದು ಸಂಜೆಗೆ.

ಇಡ್ಲಿಯನ್ನೇ ನೋಡಿ. ಬೆಳಿಗ್ಗೆ ಆರೂವರೆಗೆ ಹಬೆಯಾಡುತ್ತ ಬರುವ ಇಡ್ಲಿಯ ಅಕ್ಕಿ, ಉದ್ದು ಎರಡೂ ನೆನೆದದ್ದು ಹಿಂದಿನ ದಿನ ಹತ್ತು ಗಂಟೆಗೆ. ರುಬ್ಬಿದ್ದು ಸಂಜೆ ಐದಕ್ಕೆ. ಹಿಟ್ಟು ಹುದುಗಿದ್ದು ರಾತ್ರಿಯಿಡೀ. ಡಿಸೆಂಬರಿನ ಚಳಿಯಲ್ಲಿ ಅದಕ್ಕೆ ಇನ್ನೂ ಎರಡು ಮೂರು ತಾಸು ಬೇಕು, ಹಾಗಾಗಿ ಆ ತಿಂಗಳು ಮೂರು ಗಂಟೆಗೇ ಗ್ರೈಂಡರ್ ಹಾಕುತ್ತೇನೆ. ಮುಳಬಾಗಿಲು ದೋಸೆಗೆ ದೂರದಿಂದ ಬರುವವರು ಅದರ ಹಿಟ್ಟು ನಿನ್ನೆಯದು ಎಂದು ಯಾವತ್ತೂ ಬೇಸರಪಟ್ಟಿಲ್ಲ. ಹಿಟ್ಟಿಗೆ ಒಂದು ರಾತ್ರಿ ಸಿಗದಿದ್ದರೆ ಅದು ದೋಸೆಯೇ ಆಗುವುದಿಲ್ಲ.

ಮುದ್ದೆ ಮಾತ್ರ ಇದಕ್ಕೆ ಒಗ್ಗುವುದಿಲ್ಲ. ತೊಳಸಿ ಉಂಡೆ ಕಟ್ಟಿದ ಅರ್ಧ ಗಂಟೆಯಲ್ಲಿ ಮೇಲ್ಮೈ ಒಣಗಿ ಬಿಗಿಯಾಗುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ಇಪ್ಪತ್ತು ಇಪ್ಪತ್ತೈದರಂತೆ ಸರದಿ ಮೇಲೆ ಮಾಡುತ್ತೇವೆ. ಒಂದು ಪಾತ್ರೆಯಲ್ಲಿ ಎಸರು ಸದಾ ಕುದಿಯುತ್ತಿರುತ್ತದೆ, ಹೊರಗೆ ಎಷ್ಟು ಜನ ಕೂತರೆಂದು ನೋಡಿಕೊಂಡು ಹಿಟ್ಟು ಹಾಕುತ್ತೇವೆ. ಮುದ್ದೆ ಊಟದ ಹೋಟೆಲಿಗೆ ಹೋದರೆ ಮೊದಲು ಮುದ್ದೆ ಮುರಿದು ನೋಡಿ. ಅದು ಮೆತ್ತಗಿದ್ದರೆ ಆ ಅಡುಗೆಮನೆಯಲ್ಲಿ ಯಾರೋ ಗಡಿಯಾರದ ಮೇಲೆ ಕಣ್ಣಿಟ್ಟಿದ್ದಾರೆ ಎಂದರ್ಥ.

ಈ ಹೋಟೆಲು ಹಾಕುವ ಮೊದಲು ಬೆಂಗಳೂರು–ಚೆನ್ನೈ ಹೆದ್ದಾರಿಯ ಮೇಲಿನ ಒಂದು ದೊಡ್ಡ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ. ತರಕಾರಿ ಹೆಚ್ಚುವುದರಿಂದ ಶುರುವಾಗಿ ಗ್ರೇವಿ ಮಾಡುವವರೆಗೆ ಬಂದೆ. ಅಲ್ಲಿನ ಮೆನುವಿನಲ್ಲಿ ನೂರಕ್ಕೂ ಹೆಚ್ಚು ಹೆಸರುಗಳಿದ್ದವು. ಒಲೆಯ ಪಕ್ಕ ಇದ್ದದ್ದು ಮೂರೇ ಗ್ರೇವಿ. ಈರುಳ್ಳಿ ಟೊಮೆಟೊದ ಕೆಂಪು, ಗೋಡಂಬಿಯ ಬಿಳಿ, ಈರುಳ್ಳಿ ಕಂದುವಷ್ಟು ಹುರಿದದ್ದು ಇನ್ನೊಂದು. ಕೆಂಪಿಗೆ ಬೆಣ್ಣೆ, ಕ್ರೀಮು ಬಿದ್ದರೆ ಒಂದು ಹೆಸರು, ದಪ್ಪ ಮೆಣಸಿನಕಾಯಿ ಬಿದ್ದರೆ ಇನ್ನೊಂದು ಹೆಸರು. ಗೋಬಿ ಬೆಳಿಗ್ಗೆಯೇ ಅರ್ಧ ಕರಿದಿರುತ್ತಿತ್ತು, ನೂಡಲ್ಸ್ ಬೇಯಿಸಿ ಎಣ್ಣೆ ಸವರಿಟ್ಟಿರುತ್ತಿದ್ದರು, ಬಟಾಣಿ ಮತ್ತು ಪರೋಟ ಫ್ರೀಜರಿನಿಂದ ಬರುತ್ತಿದ್ದವು. ಆರ್ಡರ್ ಬಂದ ಮೇಲೆ ಬಾಣಲೆಯಲ್ಲಿ ನಡೆಯುತ್ತಿದ್ದದ್ದು ನಾಲ್ಕು ನಿಮಿಷದ ಕೆಲಸ. ಇದರಲ್ಲಿ ಮೋಸವಿದೆ ಎಂದು ನನಗೆ ಅವತ್ತೂ ಅನಿಸಲಿಲ್ಲ, ಇವತ್ತೂ ಅನಿಸುವುದಿಲ್ಲ. ಮದುವೆ ಮನೆಯಲ್ಲಿ ಹಿಂದಿನ ರಾತ್ರಿಯೇ ಮಸಾಲೆ ರುಬ್ಬಿಕೊಳ್ಳುವುದಿಲ್ಲವೇ?

ನನಗೆ ಸಂಕಟವಾದದ್ದು ಬೇರೆಯದಕ್ಕೆ. ಕೆಂಪು ಗ್ರೇವಿಯ ಡ್ರಮ್ಮು ಎಂದೂ ಪೂರ್ತಿ ಖಾಲಿಯಾಗುತ್ತಿರಲಿಲ್ಲ. ಕಾಲು ಭಾಗ ಉಳಿದಾಗ ಅದರ ಮೇಲೆಯೇ ಹೊಸದನ್ನು ಸುರಿಯುತ್ತಿದ್ದರು. ತಳದಲ್ಲಿದ್ದದ್ದು ಯಾವ ದಿನದ್ದು ಎಂದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಎಲ್ಲೂ ಬರೆದಿಡುತ್ತಿರಲಿಲ್ಲ. ಹೊರಗೆ ಕೂತವರು 'ಫ್ರೆಶ್ ಇದೆಯಾ?' ಎಂದು ಕೇಳಿದರೆ ಸಪ್ಲೈಯರ್ ಹುಡುಗ 'ಇದೆ ಸರ್' ಎನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ನಾನು ಎರಡು ಸಲ ಹೇಳಿ ನೋಡಿದೆ. ಮೂರನೆಯ ಸಲ ಕೆಲಸ ಬಿಟ್ಟೆ.

ನಮ್ಮ ಮಾತಿನಲ್ಲೇ ಇದಕ್ಕೆ ಬೇರೆ ಬೇರೆ ಪದಗಳಿವೆ. ಮಾಡಿಟ್ಟದ್ದು ಬೇರೆ, ತಂಗಳು ಬೇರೆ, ಹಳಸಿದ್ದು ಬೇರೆ. ನಮ್ಮ ಅಜ್ಜಿ ರಾತ್ರಿಯ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಗೆ ಕಿವುಚಿಕೊಂಡು ಕುಡಿದು ಹೊಲಕ್ಕೆ ಹೋಗುತ್ತಿದ್ದರು. ಅದು ತಂಗಳು, ತಂಗಳೆಂದು ತಿಳಿದೇ ಕುಡಿದದ್ದು. ಹಳಸಿದ್ದನ್ನು ಮೂಗಿಗೆ ಹಿಡಿದರೆ ಸಾಕು, ದನಕ್ಕೂ ಹಾಕುತ್ತಿರಲಿಲ್ಲ. ಮೂಗು ಮತ್ತು ನಾಲಿಗೆ ಇದ್ದರೆ ಸಾಕು ಎಂದು ನಾನೂ ನಂಬಿದ್ದೆ. ಆ ನಂಬಿಕೆ ತಪ್ಪೆಂದು ತಿಳಿದದ್ದು ನನ್ನದೇ ಚಿತ್ರಾನ್ನದಿಂದ.

ಹೋಟೆಲು ಹಾಕಿದ ಎರಡನೇ ವರ್ಷ, ಏಪ್ರಿಲ್ ತಿಂಗಳು. ರಾತ್ರಿ ನಾಲ್ಕೈದು ಕಿಲೋ ಅನ್ನ ಉಳಿದಿತ್ತು. ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ. ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟೆ. ಬೆಳಿಗ್ಗೆ ಮೂಸಿ ನೋಡಿದೆ, ಬಾಯಿಗೆ ಹಾಕಿ ನೋಡಿದೆ, ಏನೂ ಇರಲಿಲ್ಲ. ಒಗ್ಗರಣೆ ಹಾಕಿ, ನಿಂಬೆ ಹಿಂಡಿ, ಬಿಸಿ ಬಿಸಿಯಾಗೇ ಕೊಟ್ಟೆ. ಮಧ್ಯಾಹ್ನ ಒಬ್ಬ ಆಟೋ ಅಣ್ಣ ಬಂದ. ದಿನಾ ಬರುವವನು. ಜಗಳಕ್ಕೆ ಬಂದಿರಲಿಲ್ಲ. 'ಅಕ್ಕಾ, ನಂಗೂ ನನ್ ಮಗಂಗೂ ಹತ್ತು ಗಂಟೆಯಿಂದ ವಾಂತಿ. ಬೆಳಿಗ್ಗೆ ನಿಮ್ಮ ಚಿತ್ರಾನ್ನ ಬಿಟ್ರೆ ಏನೂ ತಿಂದಿಲ್ಲ. ಇನ್ನೂ ಉಳಿದಿದ್ರೆ ಯಾರಿಗೂ ಕೊಡಬೇಡಿ ಅಂತ ಹೇಳಕ್ಕೆ ಬಂದೆ' ಎಂದ. ಆ ಮಾತು ಕೇಳಿ ನಿಂತಲ್ಲೇ ಕುಸಿದಂತಾಯಿತು. ಮಗುವನ್ನು ಆಸ್ಪತ್ರೆಗೆ ನಾವೇ ಕರೆದುಕೊಂಡು ಹೋದೆವು. ಸಂಜೆಗೆ ಸುಧಾರಿಸಿತು. ನಾನು ಸುಧಾರಿಸಿಕೊಳ್ಳಲು ಬಹಳ ದಿನ ಹಿಡಿಯಿತು.

ಆಮೇಲೆ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ತರಬೇತಿಗೆ ಹೋದಾಗ ಕಾರಣ ತಿಳಿಯಿತು. ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಮೊಳೆತು, ಹೆಚ್ಚಿ, ವಿಷ ಬಿಡುತ್ತವೆ. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ, ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮೂಗಿನ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟದ್ದು ಇನ್ನೂ ದೊಡ್ಡ ತಪ್ಪು. ನಡುವಿನ ಅನ್ನ ಅರ್ಧ ರಾತ್ರಿಯವರೆಗೂ ಬೆಚ್ಚಗೇ ಇರುತ್ತದೆ.

ಅಲ್ಲಿಂದ ನಮ್ಮ ಅಡುಗೆಮನೆಯ ಲೆಕ್ಕವೇ ಬದಲಾಯಿತು. ಬಿಸಿಯಾಗಿ ಇಡುವುದು 60 ಡಿಗ್ರಿಗಿಂತ ಮೇಲೆ ಇರಬೇಕು, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗೆ. ನಡುವಿನ ಬಿಸಿಯಲ್ಲಿ ಯಾವುದೂ ಬಹಳ ಹೊತ್ತು ಕೂರಬಾರದು. ಮತ್ತೆ ಬಿಸಿ ಮಾಡುವುದಾದರೆ ನಡುಭಾಗ 75 ಡಿಗ್ರಿ ಮುಟ್ಟಬೇಕು. ಸೂಜಿಯಂತೆ ಚುಚ್ಚುವ ಒಂದು ಥರ್ಮಾಮೀಟರ್ ತಂದೆ. ಮೊದಲ ವಾರ ಅಳೆದು ನೋಡಿದರೆ ಕೌಂಟರಿನ ಮೇಲೆ 'ಬಿಸಿಯಾಗೇ ಇದೆ' ಎಂದುಕೊಂಡಿದ್ದ ಸಾಂಬಾರು 48 ಡಿಗ್ರಿಯಲ್ಲಿತ್ತು. ಈಗ ಅದರ ಕೆಳಗೆ ಸಣ್ಣ ಉರಿ ಆರುವುದೇ ಇಲ್ಲ. ಉಳಿದ ಅನ್ನದ ಚಿತ್ರಾನ್ನವನ್ನು ಅವತ್ತಿಗೇ ಬಿಟ್ಟೆ. ಚಿತ್ರಾನ್ನಕ್ಕೆಂದೇ ಬೆಳಿಗ್ಗೆ ಐದಕ್ಕೆ ಅನ್ನ ಮಾಡಿ, ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರವಿ, ಫ್ಯಾನ್ ಕೆಳಗೆ ಆರಿಸಿ, ಕೂಡಲೇ ಕಲಸುತ್ತೇವೆ. ಅನ್ನ ಉದುರುದುರಾಗಿಯೂ ಬರುತ್ತದೆ.

ಇಷ್ಟಾದ ಮೇಲೆ 'ಎಲ್ಲವನ್ನೂ ಆಗಲೇ ಮಾಡಿಕೊಡಿ' ಎನ್ನುವ ಕಡೆಗೆ ನಾನು ವಾಲಬೇಕಿತ್ತೇನೋ. ಟೊಮೆಟೊ ನನ್ನನ್ನು ಇನ್ನೊಂದು ಕಡೆಗೆ ಎಳೆಯಿತು. 2023ರ ಜುಲೈನಲ್ಲಿ ನಮ್ಮ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತ್ತು. ಟೊಮೆಟೊದ ಊರಿನಲ್ಲೇ ಕೂತು ನಾವು ಸಾರಿಗೆ ಹುಣಸೆಹಣ್ಣು ಹೆಚ್ಚು ಹಾಕುತ್ತಿದ್ದೆವು. ಅದೇ ಬಾಕ್ಸನ್ನು ಕೇಳುವವರಿಲ್ಲದೆ ರೈತರು ರಸ್ತೆ ಬದಿಗೆ ಸುರಿದು ಹೋಗುವುದನ್ನೂ ಇದೇ ಕಣ್ಣಲ್ಲಿ ನೋಡಿದ್ದೇನೆ. ನಮ್ಮಲ್ಲೇ ಊಟ ಮಾಡುವವರು ಬೆಳೆದದ್ದು ಅದು.

ಹಾಗಾಗಿ ಈಗ ದರ ಬಿದ್ದಾಗ ನಮಗೆ ಗೊತ್ತಿರುವ ರೈತರ ಹತ್ತಿರವೇ, ಗಿಡದಲ್ಲೇ ಕೆಂಪಾದ ಹಣ್ಣು ಹತ್ತಿಪ್ಪತ್ತು ಬಾಕ್ಸು ತೆಗೆದುಕೊಳ್ಳುತ್ತೇವೆ. ದೂರದ ಊರಿಗೆ ಲೋಡಾಗುವುದು ಅರೆಗಾಯಿ, ಅದಕ್ಕೆ ಈ ರುಚಿ ಇರುವುದಿಲ್ಲ. ಬೇಯಿಸಿ, ರುಬ್ಬಿ, ಮತ್ತೆ ನೀರು ಇಂಗಿ ಗಟ್ಟಿಯಾಗುವವರೆಗೆ ಕಾಯಿಸಿ, ಒಂದೊಂದು ಕಿಲೋ ಡಬ್ಬಿಗೆ ತುಂಬಿ, ದಿನಾಂಕ ಬರೆದು ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿಗೆ ಹಾಕುತ್ತೇವೆ. ಎರಡು ತಿಂಗಳ ಹಿಂದೆ ಕಾಯಿಸಿದ ಆ ಗೊಜ್ಜಿನ ಮುಂದೆ ಅವತ್ತಿನ ಅರೆಗಾಯಿ ಟೊಮೆಟೊದ 'ಫ್ರೆಶ್' ಗೊಜ್ಜು ನಿಲ್ಲುವುದಿಲ್ಲ. ಇದನ್ನು ನಾನು ನಾಲಿಗೆ ಮುಟ್ಟಿ ಹೇಳಬಲ್ಲೆ.

ಪ್ಯಾಕೆಟ್ಟಿನ ಊಟವನ್ನೂ ನಾನು ಕಣ್ಣು ಮುಚ್ಚಿ ಬೈಯುವುದಿಲ್ಲ. ಸೈನಿಕರಿಗೆಂದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಪೊಟ್ಟಣದ ಅಡುಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಗಾಳಿಯಾಡದಂತೆ ಸೀಲ್ ಮಾಡಿದ ಪೊಟ್ಟಣವನ್ನು ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸಿದರೆ ಬೀಜಕಣಗಳೂ ಸಾಯುತ್ತವೆ, ತಿಂಗಳುಗಟ್ಟಲೆ ಹಾಗೇ ಇಡಬಹುದು. ನನ್ನ ಅವತ್ತಿನ ಚಿತ್ರಾನ್ನಕ್ಕಿಂತ ಅದು ಎಷ್ಟೋ ಮೇಲು. ಆದರೆ ಅದನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು, 'ನಮ್ಮ ಅಡುಗೆಯವರ ಕೈರುಚಿ' ಎಂದು ಮೂರು ಪಟ್ಟು ದುಡ್ಡಿಗೆ ಮಾರುವುದು ನನಗೆ ಒಪ್ಪಿಗೆಯಿಲ್ಲ. ತಿನ್ನುವವರಿಗೆ ತಾವು ಏನಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂದು ಗೊತ್ತಿರಬೇಕು.

ಅದಕ್ಕೇ ಎರಡು ವರ್ಷದ ಹಿಂದೆ ಕೌಂಟರಿನ ಪಕ್ಕ ಒಂದು ಕಪ್ಪು ಹಲಗೆ ತೂಗುಹಾಕಿದೆ. ಮೇಲೆ 'ಇವತ್ತಿನ ಅಡುಗೆ, ಮಾಡಿದ ಹೊತ್ತು' ಎಂದು ಬರೆದಿದ್ದೇನೆ. ಸೊಪ್ಪಿನ ಸಾರು 10:45. ಅನ್ನ 12:10, ಆಮೇಲೆ ಅಳಿಸಿ 1:15. ಕಾಯಿ ಚಟ್ನಿ 6:00 ಮತ್ತು 8:30, ಯಾಕೆಂದರೆ ತೆಂಗಿನಕಾಯಿ ಚಟ್ನಿ ಬೇಸಿಗೆಯಲ್ಲಿ ಎರಡೂವರೆ ಗಂಟೆ ದಾಟಿದರೆ ನಾನು ನಂಬುವುದಿಲ್ಲ. ಟೊಮೆಟೊ ಗೊಜ್ಜು, ಫ್ರೀಜರಿನದು, ಇಂಥ ತಿಂಗಳು ಕಾಯಿಸಿದ್ದು. ಯಜಮಾನರು ಒಪ್ಪಿರಲಿಲ್ಲ. 'ಇದ್ದದ್ದನ್ನೆಲ್ಲ ಗೋಡೆಗೆ ಬರೆದ್ರೆ ಯಾರು ಬರ್ತಾರೆ? ಪಕ್ಕದವರು ಬರೀತಾರಾ?' ಎಂದರು. ಮೊದಲ ತಿಂಗಳು ಅವರ ಮಾತೇ ನಿಜವಾಗುತ್ತದೇನೋ ಅನಿಸಿತ್ತು. ಫ್ರೀಜರ್ ಎಂಬ ಪದ ಓದಿ ಎದ್ದು ಹೋದವರಿದ್ದಾರೆ. ಅವರಿಗೆ ಗೊಜ್ಜು ಒಂದು ಚಮಚ ರುಚಿ ನೋಡಿ ಎಂದು ಕೊಡಲೂ ಆಗಲಿಲ್ಲ.

ಹಲಗೆಯಿಂದ ಆದ ಲಾಭ ನಾನು ಎಣಿಸದ ಕಡೆ ಬಂತು. ಅಡುಗೆಮನೆಯ ಹುಡುಗರು ಹೊತ್ತು ಬರೆಯಬೇಕಾದ್ದರಿಂದ ಹಳೇ ಸಾರಿನ ಮೇಲೆ ಹೊಸದನ್ನು ಸುರಿಯುವುದು ಸಾಧ್ಯವೇ ಇಲ್ಲ. ಎರಡು ಹೊತ್ತಿನದು ಕೂಡಿದರೆ ಯಾವ ಹೊತ್ತು ಬರೆಯುತ್ತಾರೆ? ಜನ ಕೇಳುವ ಪ್ರಶ್ನೆಯೂ ಬದಲಾಯಿತು. 'ಫ್ರೆಶ್ಶಾ?' ಎಂದರೆ ಎಲ್ಲರೂ ಹೌದೆನ್ನುತ್ತಾರೆ. 'ಎಷ್ಟೊತ್ತಿಗೆ ಮಾಡಿದ್ದು, ಹೆಂಗಿಟ್ಟಿದ್ರಿ?' ಎಂದು ಕೇಳಿದರೆ ಗೊತ್ತಿದ್ದವರು ತಟ್ಟನೆ ಹೇಳುತ್ತಾರೆ, ಗೊತ್ತಿಲ್ಲದವರು ಒಳಗೆ ಇಣುಕುತ್ತಾರೆ. ನೀವು ಎಲ್ಲಿಗೆ ಹೋದರೂ ಹಾಗೆ ಕೇಳಿ, ಸಂಕೋಚ ಬೇಡ.

ಹಲಗೆಯಲ್ಲಿ ಒಂದು ಸಾಲಿನ ಬಗ್ಗೆ ನನಗೆ ಬಹಳ ಅಂಜಿಕೆ ಇತ್ತು. 'ಬಸ್ಸಾರು, ನಿನ್ನೆಯದು.' ಸೊಪ್ಪು, ಕಾಳು ಬಸಿದ ಕಟ್ಟಿಗೆ ಹುರಿದ ಮಸಾಲೆ ರುಬ್ಬಿ ಹಾಕಿ ಕುದಿಸಿದ ಸಾರು ಮಾರನೆಯ ದಿನಕ್ಕೆ ಇನ್ನೂ ಕೂಡಿಕೊಳ್ಳುತ್ತದೆ ಎಂದು ಈ ಸೀಮೆಯ ಎಲ್ಲ ಮನೆಯವರಿಗೂ ಗೊತ್ತು. ಆದರೆ ಹೋಟೆಲಿನಲ್ಲಿ ಹಾಗೆ ಬರೆಯುವುದೆಂದರೆ? ಉಳಿದದ್ದನ್ನು ಅಗಲ ಪಾತ್ರೆಗೆ ಸುರಿದು, ಐಸ್ ಹಾಕಿದ ನೀರಿನ ತೊಟ್ಟಿಯಲ್ಲಿಟ್ಟು ಸೌಟಾಡಿಸಿ ತಣಿಸಿ, ಫ್ರಿಜ್ಜಿಗೆ ಹಾಕುತ್ತೇವೆ. ಮಾರನೆಯ ದಿನ ಕೊತಕೊತ ಕುದಿಸುತ್ತೇವೆ. ಮೂರನೇ ದಿನಕ್ಕೆ ಇಡುವುದಿಲ್ಲ.

ಮೊನ್ನೆ ವೇಮಗಲ್ ಕಡೆಯ ಒಬ್ಬರು ತಾತ ಹರಾಜು ಮುಗಿಸಿ ಒಂದು ಗಂಟೆಗೆ ಬಂದು ಕೂತರು. ಹಲಗೆ ನೋಡಿದರು.

'ಏನಮ್ಮಾ, ನಿನ್ನೆ ಬಸ್ಸಾರು ಅಳ್ಸಿಬಿಟ್ಟಿದ್ದೀಯ?'

'ಹನ್ನೆರಡೂ ಮುಕ್ಕಾಲಿಗೇ ಖಾಲಿ ಆಯ್ತು ತಾತ. ಇವತ್ತಿಂದು ಐತೆ, ಈಗ್ತಾನೆ ಇಳ್ಸಿದ್ದು.'

'ಈಗ್ತಾನೆ ಇಳ್ಸಿದ್ದಾ?' ಅವರು ಸ್ವಲ್ಪ ಹೊತ್ತು ಯೋಚಿಸಿದರು. 'ಸರಿ, ಇವತ್ತಿಗೆ ಅದೇ ಹಾಕು. ನಾಳೆ ನಾನು ಬರೋದು ಇದೇ ಹೊತ್ತಾಗುತ್ತೆ. ಅದ್ರಲ್ಲಿ ನಂಗೊಂದು ಬಟ್ಲು ಎತ್ತಿಟ್ಟಿರು.'