ಟಯರ್ ಬದಲಾವಣೆ: ಜಾಬ್ ಕಾರ್ಡ್‌ನಲ್ಲಿ ಬರೆಸದೆ ಬೈಕು ಬಿಟ್ಟು ಬರಬೇಡಿ

ಶೋರೂಮಿನ ಸರ್ವೀಸ್ ಸೆಂಟರ್‌ನಲ್ಲಿ ಟಯರ್ ಬದಲಿಸಿಕೊಂಡು ಬರುವವರಲ್ಲಿ ಹೆಚ್ಚಿನವರು ಬಿಲ್ಲಿನ ಮೊತ್ತ ನೋಡುತ್ತಾರೆ, ಟಯರಿನ ಹೊಳಪು ನೋಡುತ್ತಾರೆ, ಹೊರಟುಬಿಡುತ್ತಾರೆ. ಹೊಸ ಟಯರ್ ಎಷ್ಟು ಕಾಲ ಗೋದಾಮಿನಲ್ಲಿ ಬಿದ್ದಿತ್ತು, ಅಳತೆ ಸರಿಯಿದೆಯೇ, ಒಳಗೆ ಹಳೆಯ ಟ್ಯೂಬನ್ನೇ ಹಾಕಿದ್ದಾರೆಯೇ ಎಂಬುದೆಲ್ಲ ತಿಳಿಯುವುದು ದಾರಿಯಲ್ಲಿ ತೊಂದರೆಯಾದಾಗ. ಮರಳಿ ಹೋಗಿ ಕೇಳಿದರೆ, ‘ನೀವು ಮೊದಲೇ ಹೇಳಲಿಲ್ಲವಲ್ಲ ಸರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರಕ್ಕೆ ಎಡೆಯಿಲ್ಲದಂತೆ ಕೆಲಸ ಮಾಡಿಸಿಕೊಳ್ಳುವ ಕ್ರಮ ಇಲ್ಲಿದೆ.

1. ಬದಲಿಸುವ ಕಾಲ ಬಂದಿದೆಯೇ?

ಟಯರಿನ ಪಕ್ಕದ ಗೋಡೆಯಲ್ಲಿ ಟಿಡಬ್ಲ್ಯುಐ ಎಂಬ ಅಕ್ಷರಗಳನ್ನೋ ಸಣ್ಣ ತ್ರಿಕೋನವನ್ನೋ ಹುಡುಕಿ. ಅದರ ನೇರಕ್ಕೆ, ಮೇಲ್ಮೈಯ ಗೀರಿನ ತಳದಲ್ಲಿ 0.8 ಮಿ.ಮೀ. ಎತ್ತರದ ರಬ್ಬರ್ ದಿಬ್ಬವೊಂದಿರುತ್ತದೆ. ಟಯರ್ ಸವೆದು ಆ ದಿಬ್ಬಕ್ಕೆ ಸಮನಾದರೆ ಅದರ ಆಯುಷ್ಯ ಮುಗಿಯಿತು. ಮಲೆನಾಡು, ಕರಾವಳಿಯವರು ಅಲ್ಲಿಯವರೆಗೂ ಕಾಯಬಾರದು. ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ಮಳೆಗಾಲದಲ್ಲಿ ಓಡಾಡುವವರು ಗ್ರಿಪ್ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಮೇ ತಿಂಗಳಲ್ಲೇ ಬದಲಿಸಿಬಿಡಿ. ಬೋಳಾದ ಟಯರಿಗೆ ಬಿಸಿ ಬ್ಲೇಡಿನಿಂದ ಹೊಸ ಗೀರು ಕೊರೆದುಕೊಡುವವರು ರಸ್ತೆ ಬದಿಯಲ್ಲಿ ಸಿಗುತ್ತಾರೆ. ಅವರ ಹತ್ತಿರ ಹೋಗಲೇಬೇಡಿ. ಕೊರೆದಷ್ಟೂ ಒಳಗಿನ ನೂಲಿನ ಪದರದ ಮೇಲೆ ಉಳಿಯುವ ರಬ್ಬರ್ ತೆಳುವಾಗುತ್ತದೆ.

2. ಶೋರೂಮೋ, ಟಯರ್ ಅಂಗಡಿಯೋ?

ಸರ್ವೀಸ್ ಅವಧಿ ಹತ್ತಿರವಿದ್ದರೆ ಶೋರೂಮು, ಇಲ್ಲವಾದರೆ ಒಳ್ಳೆಯ ಟಯರ್ ಅಂಗಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎಷ್ಟೋ ಸರ್ವೀಸ್ ಸೆಂಟರ್‌ಗಳಲ್ಲಿ ಟಯರ್ ಕಳಚುವ ಯಂತ್ರವೇ ಇರುವುದಿಲ್ಲ. ಚಕ್ರ ಬಿಚ್ಚಿ ಹೊರಗಿನ ಅಂಗಡಿಗೆ ಕಳಿಸಿ, ಮರಳಿ ತರಿಸಿ, ನಡುವಿನ ಖರ್ಚನ್ನೂ ನಿಮ್ಮ ಬಿಲ್ಲಿಗೆ ಸೇರಿಸುತ್ತಾರೆ. ‘ಟಯರ್ ಇಲ್ಲೇ ಹಾಕುತ್ತೀರೋ, ಹೊರಗೆ ಕಳಿಸುತ್ತೀರೋ’ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಬೆಂಗಳೂರಿನವರು ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ಬೆಲೆ ವಿಚಾರಿಸಿ ಆಮೇಲೆ ತೀರ್ಮಾನಿಸಬಹುದು.

‘ಹೊರಗೆ ಹಾಕಿಸಿದರೆ ಬೈಕಿನ ವಾರಂಟಿ ಹೋಗುತ್ತದೆ’ ಎಂದು ಯಾರಾದರೂ ಹೆದರಿಸಿದರೆ, ಅದು ವಾರಂಟಿ ಪುಸ್ತಕದ ಯಾವ ಪುಟದಲ್ಲಿದೆ ಎಂದು ತೋರಿಸಲು ಹೇಳಿ. ಸಾಮಾನ್ಯವಾಗಿ ಬೈಕ್ ಕಂಪನಿಯ ವಾರಂಟಿಯಲ್ಲಿ ಟಯರ್ ಸೇರಿಯೇ ಇರುವುದಿಲ್ಲ, ಅದರ ಹೊಣೆ ಟಯರ್ ತಯಾರಿಸಿದ ಕಂಪನಿಯದು. ಹೊಸ ಬೈಕಿನ ಟಯರ್ ಕೆಲವೇ ತಿಂಗಳಲ್ಲಿ ಉಬ್ಬಿಕೊಂಡರೂ ಟಯರ್ ಕಂಪನಿಯವರೇ ಪರೀಕ್ಷಿಸುತ್ತಾರೆ. ತಯಾರಿಕೆಯ ದೋಷವೆಂದು ಒಪ್ಪಿದರೆ ಸವೆದ ಪ್ರಮಾಣಕ್ಕೆ ತಕ್ಕಷ್ಟು ಹಣ ಕಳೆದು ಬದಲಿ ಕೊಡುತ್ತಾರೆ. ಆದ್ದರಿಂದ ಟಯರಿನ ಬಿಲ್ಲು ಜೋಪಾನ.

3. ಜಾಬ್ ಕಾರ್ಡ್

ಗಾಡಿಗೆ ಯಾವ ಕೆಲಸ ಆಗಬೇಕೆಂದು ಸರ್ವೀಸ್ ಸೆಂಟರಿನವರು ಬರೆದುಕೊಳ್ಳುವ ಹಾಳೆಯೇ ಜಾಬ್ ಕಾರ್ಡ್. ಜನ ಎಡವುವುದು ಇಲ್ಲೇ. ಬೆಳಿಗ್ಗೆ ಕಚೇರಿಗೆ ಹೊರಡುವ ಅವಸರದಲ್ಲಿ ಬೈಕು ನಿಲ್ಲಿಸಿ, ‘ಹಿಂದಿನ ಟಯರ್ ಚೇಂಜ್ ಮಾಡಿ, ಜನರಲ್ ಚೆಕಪ್ ಮಾಡಿ’ ಎಂದು ಕೀ ಕೊಟ್ಟು ನಡೆಯುತ್ತಾರೆ. ಸರ್ವೀಸ್ ಅಡ್ವೈಸರ್ ಅಷ್ಟನ್ನೇ ಬರೆದುಕೊಳ್ಳುತ್ತಾರೆ. ಯಾವ ಟಯರ್ ಹಾಕಬೇಕು ಎಂಬುದು ಆ ದಿನ ಸ್ಟೋರಿನಲ್ಲಿ ಇರುವುದರ ಮೇಲೆ ನಿರ್ಧಾರವಾಗುತ್ತದೆ.

ಅಲ್ಲಿಗೆ ಹೋಗುವ ಮೊದಲೇ ಹಳೆಯ ಟಯರಿನ ಗೋಡೆ ಓದಿಕೊಳ್ಳಿ. 150 ಸಿಸಿ ಬೈಕುಗಳ ಹಿಂಬದಿಯಲ್ಲಿ ಕಾಣಸಿಗುವ 100/90-17 55ಪಿ ಎಂಬ ಬರಹವನ್ನೇ ತೆಗೆದುಕೊಳ್ಳಿ. ಟಯರಿನ ಅಗಲ 100 ಮಿ.ಮೀ., ಗೋಡೆಯ ಎತ್ತರ ಆ ಅಗಲದ ಶೇ 90, ರಿಮ್ಮಿನ ವ್ಯಾಸ 17 ಇಂಚು. 55 ಎಂದರೆ ಟಯರ್ 218 ಕಿಲೋ ಭಾರ ಹೊರಬಲ್ಲದು, ಪಿ ಎಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ ತಾಳಬಲ್ಲದು. ಈ ಬರಹವನ್ನು ಬೈಕಿನ ಕೈಪಿಡಿಯೊಂದಿಗೆ ಹೋಲಿಸಿ, ಏಕೆಂದರೆ ಹಿಂದಿನ ಮಾಲೀಕರು ಬೇರೆ ಅಳತೆ ಹಾಕಿಸಿರಬಹುದು. ‘ಒಂದು ಸೈಜ್ ದಪ್ಪ ಹಾಕಿಸಿ ಸರ್, ಗ್ರಿಪ್ ಚೆನ್ನಾಗಿರುತ್ತದೆ’ ಎಂಬ ಸಲಹೆ ಬಂದರೆ ಒಪ್ಪಬೇಡಿ. ರಿಮ್ಮಿನ ಅಗಲಕ್ಕೆ ಹೊಂದದ ದಪ್ಪ ಟಯರಿನ ಆಕಾರ ಕೆಡುತ್ತದೆ, ತಿರುವಿನಲ್ಲಿ ಬೈಕು ವಾಲುವ ರೀತಿ ಬದಲಾಗುತ್ತದೆ, ಮೈಲೇಜೂ ಇಳಿಯುತ್ತದೆ. ಕೆಲವು ಬೈಕುಗಳಲ್ಲಿ ಚೈನಿಗೇ ತಗಲುತ್ತದೆ.

ಜಾಬ್ ಕಾರ್ಡ್‌ನಲ್ಲಿ ಅಳತೆಯ ಜೊತೆಗೆ ಟಯರಿನ ಕಂಪನಿ ಮತ್ತು ಮಾದರಿಯ ಹೆಸರು ಬರೆಸಿ. ಗೋಡೆಯ ಮೇಲೆ ಐಎಸ್‌ಐ ಗುರುತು ಇರಲೇಬೇಕು. ಮುಂದೆ ತಯಾರಿಕೆಯ ವಾರ. ಗೋಡೆಯ ಮೇಲಿನ ಉದ್ದ ಸಂಕೇತದ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 3525 ಎಂದಿದ್ದರೆ 2025ರ 35ನೇ ವಾರ, ಅಂದರೆ ಆಗಸ್ಟ್ ಕೊನೆ. ಆರು ತಿಂಗಳೊಳಗಿನದಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ, ವರ್ಷ ದಾಟಿದ್ದರೆ ಬೇರೆಯದನ್ನು ಕೇಳಿ. ಬಿಸಿಲು ಬೀಳುವ ಶೆಡ್ಡಿನಲ್ಲಿ ಇಟ್ಟ ರಬ್ಬರ್ ಓಡದೆಯೂ ಗಡುಸಾಗುತ್ತದೆ. ಈ ಅಂಕಿ ಬಹಳಷ್ಟು ಟಯರ್‌ಗಳಲ್ಲಿ ಒಂದೇ ಬದಿಯಲ್ಲಿರುವುದರಿಂದ ಸ್ಟೋರಿನಿಂದ ಟಯರ್ ತರಿಸಿ, ಎರಡೂ ಬದಿ ತಿರುಗಿಸಿ ನೋಡಿ, ಫೋಟೊ ತೆಗೆದುಕೊಳ್ಳಿ. ಇದಕ್ಕೆ ಸಂಕೋಚ ಬೇಡ, ಅದು ನಿಮ್ಮ ದುಡ್ಡಿನ ವಸ್ತು.

ಸ್ಪೋಕ್ ಚಕ್ರವಾದರೆ ‘ಹೊಸ ಟ್ಯೂಬ್’ ಎಂದು ಬರೆಸಿ. ಹಳೆಯ ಟಯರಿನೊಳಗೆ ಹಿಗ್ಗಿದ ಟ್ಯೂಬು ಹೊಸದರಲ್ಲಿ ಮಡಚಿಕೊಂಡು, ಆ ಮಡಿಕೆಯಲ್ಲೇ ಹರಿಯುತ್ತದೆ. ಟ್ಯೂಬ್‌ಲೆಸ್ ಆದರೆ ‘ಹೊಸ ವಾಲ್ವ್’ ಎಂದು ಬರೆಸಿ. ಅದರ ಬೆಲೆ ತೀರಾ ಕಡಿಮೆ, ಆದರೂ ಕೇಳದಿದ್ದರೆ ಬದಲಿಸುವುದಿಲ್ಲ. ಅಲಾಯ್ ರಿಮ್ಮಿಗೆ ಯಂತ್ರವನ್ನೇ ಬಳಸಬೇಕು, ಕಬ್ಬಿಣದ ಲಿವರ್ ಹಾಕಿ ಮೀಟಬಾರದು ಎಂಬುದೂ ಕಾರ್ಡಿನಲ್ಲಿರಲಿ. ಹಿಂದಿನ ಚಕ್ರ ಹೇಗೂ ಬಿಚ್ಚುತ್ತಾರೆ, ಬೇರಿಂಗ್, ಬ್ರೇಕ್ ಶೂ, ಕಪ್ಲಿಂಗ್ ರಬ್ಬರ್ ಮೂರನ್ನೂ ಆಗಲೇ ನೋಡಿ ತಿಳಿಸಲು ಹೇಳಿ. ತಿಂಗಳ ನಂತರ ಅದಕ್ಕಾಗಿಯೇ ಹೋದರೆ ಚಕ್ರ ಬಿಚ್ಚುವ ಕೂಲಿ ಇನ್ನೊಮ್ಮೆ ತೆರಬೇಕಾಗುತ್ತದೆ.

ಇನ್ನೊಂದು ಸಾಲು ತಪ್ಪದೆ ಇರಲಿ: ‘ಟಯರ್ ಪಾಲಿಶ್ ಬೇಡ.’ ವಾಷಿಂಗ್ ಮುಗಿಸಿದ ಹುಡುಗರು ಗಾಡಿ ಹೊಸದರಂತೆ ಕಾಣಲಿ ಎಂದು ಟಯರಿಗೆ ಹೊಳಪಿನ ದ್ರವ ಸಿಂಪಡಿಸುತ್ತಾರೆ. ಕಾರಿನ ಟಯರಿನ ಗೋಡೆಗೆ ಅದರಿಂದ ಹೆಚ್ಚು ಹಾನಿಯಿಲ್ಲ. ವಾಲಿಕೊಂಡು ತಿರುಗುವ ಬೈಕಿನ ಟಯರಿನ ಅಂಚಿಗೆ ಅದು ಎಣ್ಣೆ ಸವರಿದ ಹಾಗೆ. ನೋಡಲು ಚೆಂದವೆಂದು ಮೈಕೈ ಮುರಿದುಕೊಳ್ಳಬೇಕೇ?

ಈಗ ಬಹುತೇಕ ಕಡೆ ಟ್ಯಾಬಿನಲ್ಲೇ ಜಾಬ್ ಕಾರ್ಡ್ ತುಂಬುತ್ತಾರೆ. ಅಲ್ಲಿ ಸಿದ್ಧ ಆಯ್ಕೆಗಳಷ್ಟೇ ಇವೆ ಎಂದರೆ, ಗ್ರಾಹಕರ ದೂರಿನ ಕಾಲಂನಲ್ಲಿ ಟೈಪ್ ಮಾಡಿಸಿ ಪರದೆಯ ಫೋಟೊ ತೆಗೆಯಿರಿ. ಓಡಿದ ಕಿ.ಮೀ., ಪೆಟ್ರೋಲ್ ಮಟ್ಟ, ಮೊದಲೇ ಇದ್ದ ಗೀರು, ಅಂದಾಜು ಮೊತ್ತ, ‘ಹೆಚ್ಚುವರಿ ಕೆಲಸಕ್ಕೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕು’ ಎಂಬ ಮಾತು ದಾಖಲಾದ ನಂತರವೇ ಸಹಿ ಹಾಕಿ, ಒಟಿಪಿ ಕೊಡಿ.

4. ಚಕ್ರ ಮರಳಿ ಕೂರಿಸಿದ ಮೇಲೆ

ಸಾಧ್ಯವಾದರೆ ಈ ಹೊತ್ತಿಗೆ ಅಲ್ಲಿರಿ. ಟಯರಿನ ಗೋಡೆಯ ಬಾಣ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿರಬೇಕು. ರಿಮ್ಮಿನ ಪಕ್ಕದಲ್ಲಿ ಟಯರಿನ ಸುತ್ತ ತೆಳು ಗೆರೆಯೊಂದಿದೆ, ಅದು ಸುತ್ತಲೂ ರಿಮ್ಮಿನಿಂದ ಒಂದೇ ದೂರದಲ್ಲಿರಬೇಕು. ಒಂದು ಕಡೆ ಒಳಗೆ ಹೋಗಿದ್ದರೆ ಟಯರ್ ಸರಿಯಾಗಿ ಕೂತಿಲ್ಲ, ಗಾಳಿ ಇಳಿಸಿ ಮತ್ತೆ ಕೂರಿಸಲು ಹೇಳಿ. ಹಳದಿ ಚುಕ್ಕೆಯಿದ್ದರೆ ವಾಲ್ವಿನ ಹತ್ತಿರ ಬರಬೇಕು, ಅದು ಟಯರಿನ ಹಗುರವಾದ ಭಾಗದ ಗುರುತು.

ಚೈನಿನ ಎರಡೂ ಬದಿಯ ಅಡ್ಜಸ್ಟರ್ ಗುರುತುಗಳು ಸಮನಾಗಿರಲಿ, ಸಡಿಲ ಕೈಪಿಡಿಯಲ್ಲಿ ಹೇಳಿದಷ್ಟಿರಲಿ. ಡ್ರಮ್ ಬ್ರೇಕಿನ ಬೈಕಾದರೆ ಬ್ರೇಕ್ ಪ್ಲೇಟನ್ನು ಹಿಡಿದಿಡುವ ಟಾರ್ಕ್ ಆರ್ಮಿನ ನಟ್ ಬಿಗಿದಿದ್ದಾರೆಯೇ ಎಂದು ಬಗ್ಗಿ ನೋಡಿ. ಅದು ಕಳಚಿದರೆ ಬ್ರೇಕ್ ಒತ್ತಿದಾಗ ಪ್ಲೇಟೇ ಸುತ್ತಿ ಚಕ್ರ ಹಿಡಿದುಕೊಳ್ಳಬಹುದು. ಡಿಸ್ಕ್ ಬ್ರೇಕಾದರೆ ಗಾಡಿ ಚಾಲೂ ಮಾಡುವ ಮೊದಲು ಬ್ರೇಕನ್ನು ಹಲವು ಸಲ ಒತ್ತಿ ಗಟ್ಟಿಯಾಗಿಸಿಕೊಳ್ಳಿ. ಚಕ್ರ ಬಿಚ್ಚಿದಾಗ ಹಿಂದೆ ಸರಿಸಿದ ಪ್ಯಾಡುಗಳು ಮೊದಲ ಒತ್ತಿಗೆ ಹಿಡಿಯದೇ ಇರಬಹುದು, ಆಗ ಶೋರೂಮಿನ ಗೇಟಿನಲ್ಲೇ ಅಪಘಾತವಾಗುತ್ತದೆ.

5. ಬಿಲ್ಲು

2025ರ ಸೆಪ್ಟೆಂಬರ್ 22ರಿಂದ ಟಯರಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಳೆಯ ಸ್ಟಾಕ್ ಎಂದು ಹಳೆಯ ದರ ಹಾಕುವಂತಿಲ್ಲ. ನೈಟ್ರೋಜನ್ ತುಂಬಿಸಿದ್ದಕ್ಕೆ ದುಡ್ಡು ಸೇರಿಸಿದ್ದರೆ ತೆಗೆಸಿ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ, ವಾರಕ್ಕೊಮ್ಮೆ ಪೆಟ್ರೋಲ್ ಬಂಕಿನಲ್ಲಿ ಒತ್ತಡ ನೋಡಿಕೊಂಡರೆ ಸಾಕು. ಪಂಕ್ಚರ್ ತಡೆಯುವ ದ್ರವವನ್ನೂ ನಾನು ಶಿಫಾರಸು ಮಾಡುವುದಿಲ್ಲ. ಮುಂದೆ ಟಯರ್ ಬಿಚ್ಚಿದಾಗ ರಿಮ್ಮಿನ ತುಂಬ ಅಂಟು, ಪಂಕ್ಚರ್ ಹಾಕುವವರಿಗೂ ಕಷ್ಟ.

6. ಮೊದಲ 150 ಕಿ.ಮೀ.

ಹೊಸ ಟಯರಿನ ಮೇಲ್ಮೈ ನುಣುಪಾಗಿರುತ್ತದೆ. ಅದು ತುಸು ಸವೆಯುವವರೆಗೆ ತಿರುವಿನಲ್ಲಿ ಹೆಚ್ಚು ವಾಲಿಸಬೇಡಿ, ಗಕ್ಕನೆ ಬ್ರೇಕ್ ಒತ್ತಬೇಡಿ. ಮಾರನೆಯ ಬೆಳಿಗ್ಗೆ ಟಯರ್ ತಣ್ಣಗಿರುವಾಗ ಗಾಳಿ ಪರೀಕ್ಷಿಸಿ. ಒತ್ತಡ ಇಳಿದಿದ್ದರೆ ಟ್ಯೂಬಿಗೆ ಲಿವರ್ ತಗಲಿರಬಹುದು, ಇಲ್ಲವೇ ವಾಲ್ವ್ ಸೋರುತ್ತಿರಬಹುದು. ಅಂದೇ ಜಾಬ್ ಕಾರ್ಡ್ ಹಿಡಿದು ಹೋಗಿ.

ಮಾತು ಕೇಳದಿದ್ದರೆ

ಮೊದಲು ಸರ್ವೀಸ್ ಮ್ಯಾನೇಜರ್, ಆಮೇಲೆ ಬೈಕ್ ಕಂಪನಿಯ ಗ್ರಾಹಕ ಸೇವೆಗೆ ಫೋಟೊಗಳೊಂದಿಗೆ ಇ–ಮೇಲ್. ಅಲ್ಲೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಇ–ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಬೇಕೆಂಬ ನಿಯಮವೂ ಇಲ್ಲ.